ನಂಬಿಕೆ ಇದೆ, ಚರ್ಚ್‌ಗೆ ಹೋಗೋಕೆ ಮನಸ್ಸು ಬರ್ತಿಲ್ಲ. ಬಿಟ್ಟರೆ ಏನಾಗುತ್ತೆ?

ಮುಲ್ಕಿಯವಳು ಕೇಳಿದ್ದು:

ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಾನು ಮುಲ್ಕಿ ಕಡೆಯವಳು. ಹಳೇ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನಿಂದ ಬಂದ ಪ್ರಾಟೆಸ್ಟೆಂಟ್ ಮಿಷನ್) ಮನೆತನ, ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ಸಂಡೆ ಸ್ಕೂಲ್, ಕ್ವಾಯರ್, ಬೆಳೆಹಬ್ಬ ಎಲ್ಲದರಲ್ಲೂ ಇದ್ದು ಬೆಳೆದು ಬೆಂಗಳೂರಿಗೆ ಬಂದೆ. ಇಲ್ಲಿ ಹನ್ನೊಂದು ವರ್ಷ ಒಂದೇ ಚರ್ಚ್‌ಗೆ ಹೋದೆ. ಈಗ ಹದಿನಾಲ್ಕು ತಿಂಗಳಾಯ್ತು, ಹೋಗಿಲ್ಲ.

ನನ್ನ ಚಿಕ್ಕಪ್ಪನ ಮಗನೂ ಅದೇ ಚರ್ಚ್‌ನ ಕ್ವಾಯರ್‌ನಲ್ಲಿ ಹಾಡುತ್ತಿದ್ದ. ಟೆನರ್. ನನಗಿಂತ ಎಂಟು ವರ್ಷ ಚಿಕ್ಕವನು. ಸುಮಾರು ಎರಡು ವರ್ಷದ ಹಿಂದೆ ತಾನು ಗೇ ಅಂತ ಮನೆಯಲ್ಲಿ ಹೇಳಿಬಿಟ್ಟ. ಚಿಕ್ಕಪ್ಪ ಮೂರು ತಿಂಗಳು ಅವನ ಜೊತೆ ಮಾತಾಡಲಿಲ್ಲ. ಅದು ಹೇಗೋ ಕಮಿಟಿಯವರ ಕಿವಿಗೂ ಬಿತ್ತು. ಯಾರೂ ಬೈಯಲಿಲ್ಲ, ಹೊರಗೂ ಹಾಕಲಿಲ್ಲ. "ಸ್ವಲ್ಪ ದಿನ ಹಿಂದೆ ಕೂತ್ಕೋಪ್ಪಾ" ಅಂದರು, ಅಷ್ಟೇ. ಆ ಸಲದ ಕ್ಯಾರಲ್ಸ್‌ಗೆ ಅವನ ಹಾಡಿನ ಫೈಲ್ ಬೇರೊಬ್ಬ ಹುಡುಗನ ಕೈಯಲ್ಲಿತ್ತು. ಎಲ್ಲಿ ಉಸಿರು ತಗೋಬೇಕು ಅಂತ ಇವನು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡಿದ್ದ ಫೈಲ್ ಅದು. ಆ ಹುಡುಗ ಸರಿಯಾಗಿ ಅದೇ ಜಾಗದಲ್ಲಿ ಉಸಿರು ತಗೊಂಡು ಹಾಡಿದ. ನಾನು ಮೂರನೇ ಸಾಲಲ್ಲಿ ಕೂತು ಅದನ್ನೇ ನೋಡ್ತಾ ಇದ್ದೆ. ತಮ್ಮ ಅವತ್ತು ಪಿಜಿಯಲ್ಲೇ ಇದ್ದ.

ಅದೇ ಕೊನೆ, ಮತ್ತೆ ಹೋಗಿಲ್ಲ.

ನನ್ನ ನಂಬಿಕೆ ಹೋಗಿಲ್ಲ. ಯೇಸುವಿನ ಮೇಲೆ ನನಗೆ ಜಗಳ ಇಲ್ಲ. ಆದಿಕಾಂಡವನ್ನು ವಿಜ್ಞಾನದ ಪಾಠ ಅಂತ ಓದಲ್ಲ. ನನ್ನ ಗಂಡ ಹಿಂದೂ, ಅವರು ನರಕಕ್ಕೆ ಹೋಗ್ತಾರೆ ಅಂತ ನಂಬೋಕೆ ನನ್ನಿಂದ ಆಗಲ್ಲ. ಪ್ರೋಗ್ರೆಸಿವ್ ಕ್ರಿಶ್ಚಿಯನ್ ಅಂತಾರಲ್ಲ, ಆ ಪಂಗಡ ಅಂತ ಇಟ್ಕೊಳ್ಳಿ. ಭಾನುವಾರ ಯೂಟ್ಯೂಬ್‌ನಲ್ಲಿ ಅಮೆರಿಕದ ಒಂದು ಚರ್ಚ್‌ನ ಪ್ರಸಂಗ ಕೇಳ್ತೀನಿ. ಪಾಸ್ಟರ್ ಒಬ್ಬ ಹೆಂಗಸು. ಅವರು ಹೇಳೋದರಲ್ಲಿ ನೂರಕ್ಕೆ ತೊಂಬತ್ತು ಒಪ್ಪಿಗೆ ಆಗುತ್ತೆ. ಆದರೆ "ಪಕ್ಕದವರ ಕೈ ಹಿಡಿದು ಸಮಾಧಾನ ಹೇಳಿ" ಅಂತಾರಲ್ಲ, ಆಗ ನನ್ನ ಪಕ್ಕದಲ್ಲಿ ಇರೋದು ಮಡಚದ ಬಟ್ಟೆ ರಾಶಿ.

ಮಗಳಿಗೆ ಆರು ವರ್ಷ. ಅಮ್ಮ ವಾರಕ್ಕೊಮ್ಮೆ ಫೋನ್‌ನಲ್ಲಿ "ಸಂಡೆ ಸ್ಕೂಲಿಗೆ ಹಾಕಿದ್ಯಾ?" ಅಂತ ಕೇಳ್ತಾರೆ. ಗಂಡ "ಹೋಗೋದಾದ್ರೆ ಹೇಳು, ಕಾರ್ ತೆಗೀತೀನಿ" ಅಂತಾರೆ. ಅವರದ್ದೇನೂ ತಕರಾರಿಲ್ಲ, ತಕರಾರು ನನ್ನದೇ.

ನನ್ನ ಥರ ಯೋಚಿಸೋರಿಗೆ ಚರ್ಚ್ ಯಾಕೆ ಬೇಕು? ಪ್ರಾರ್ಥನೆ ಮನೆಯಲ್ಲಿ ಆಗುತ್ತೆ, ದಾನ ಆನ್‌ಲೈನ್ ಆಗುತ್ತೆ, ಪ್ರಸಂಗ ಮೊಬೈಲ್‌ನಲ್ಲಿದೆ. ಇನ್ನೇನು ಉಳೀತು? "ದೇವರ ಮನೆ ಬಿಡಬಾರದು" ಅನ್ನೋ ಉತ್ತರ ಬೇಡ, ಅದು ಅಮ್ಮನಿಂದ ಸಿಗ್ತಾ ಇದೆ.

---

ಲಿಂಗರಾಜಪುರ ಬ್ರದರ್ ಉತ್ತರ:

ಸಿಸ್ಟರ್, ನಾನು ಪೆಂತೆಕೋಸ್ತ್ ಸಭೆಯವನು. ನಿಮ್ಮ ಪ್ರೋಗ್ರೆಸಿವ್ ವಿಚಾರ ಯಾವುದೂ ನನಗೆ ಒಪ್ಪಿಗೆ ಇಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ. ಸಭೆ ಸೇರೋದನ್ನು ಬಿಡಬೇಡಿ ಅನ್ನೋ ಬೈಬಲ್ ವಚನ, ಇಬ್ರಿಯ 10:25, ನಿಮಗೆ ಗೊತ್ತೇ ಇರುತ್ತೆ, ಪೂರ್ತಿ ಬರೆಯಲ್ಲ.

ಒಂದು ಸಂಗತಿ ಮಾತ್ರ. ಎರಡು ವರ್ಷದ ಹಿಂದೆ ನನಗೆ ಬೈಕ್ ಆಕ್ಸಿಡೆಂಟ್ ಆಗಿ ಕಾಲಿಗೆ ರಾಡ್ ಹಾಕಿದರು. ಹನ್ನೊಂದು ದಿನ ಆಸ್ಪತ್ರೆ. ಅಷ್ಟೂ ದಿನ ನನ್ನ ಹೆಂಡತಿ ಒಲೆ ಹಚ್ಚಲಿಲ್ಲ. ಬೆಳಗ್ಗೆ ಇಡ್ಲಿ ಒಬ್ಬರ ಮನೆಯಿಂದ, ರಾತ್ರಿ ಅನ್ನ ಸಾರು ಇನ್ನೊಬ್ಬರ ಮನೆಯಿಂದ. ಮಗನನ್ನು ಶಾಲೆಗೆ ಬಿಟ್ಟು ಬರ್ತಿದ್ದದ್ದು ನಮ್ಮ ಸಭೆಯ ಆಟೋ ಓಡಿಸೋ ಬ್ರದರ್. ಅವರಿಗೂ ನನಗೂ ಅದಕ್ಕೆ ಮುಂಚೆ ಮೈಕ್‌ಸೆಟ್ ವಿಷಯಕ್ಕೆ ಮಾತು ಬಿಟ್ಟು ಹೋಗಿತ್ತು. ಆ ಅಮೆರಿಕದ ಪಾಸ್ಟರಮ್ಮ ಇಡ್ಲಿ ತರ್ತಾರಾ?

ಮುಲ್ಕಿಯವಳು:

ಇಡ್ಲಿ ವಿಷಯ ನಾಟಿತು ಬ್ರದರ್. ಆದರೆ ಒಂದು ಕೇಳಲಾ? ನನ್ನ ತಮ್ಮ ನಿಮ್ಮ ಸಭೆಗೆ ಬಂದರೆ?

ಲಿಂಗರಾಜಪುರ ಬ್ರದರ್:

ಬರಲಿ. ಕೂರಲಿ. ಆಸ್ಪತ್ರೆಗೆ ಸೇರಿದರೆ ಅವನಿಗೂ ಊಟ ಹೋಗುತ್ತೆ. ಸ್ಟೇಜ್ ಮೇಲೆ ಹಾಡಲು ಬಿಡಲ್ಲ. ನಿಮಗೆ ಸುಳ್ಳು ಹೇಳಿ ನನಗೇನು ಆಗಬೇಕು?

---

ಹಂಚಿನಮನೆ ಟೀಚರ್ ಉತ್ತರ:

ಮಗಾ, ನಾನು ಮಂಗಳೂರಿನವಳು. ಅರವತ್ತೆಂಟು ವರ್ಷ. ನಿವೃತ್ತ ಟೀಚರ್, ಆದ್ದರಿಂದ ಸ್ವಲ್ಪ ಪಾಠ ಮಾಡಿಯೇ ಮುಂದೆ ಹೋಗುವುದು.

ನಮ್ಮ ಮುತ್ತಜ್ಜ ಬಿಲ್ಲವರು, ಶೇಂದಿ ಇಳಿಸುವ ಕೆಲಸ. ಬಾಸೆಲ್‌ನವರು 1834ರಲ್ಲಿ ಮಂಗಳೂರಿಗೆ ಬಂದರಲ್ಲ, ಅದಾಗಿ ಎಷ್ಟೋ ವರ್ಷದ ಮೇಲೆ ಇವರು ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದರು. ಅವತ್ತೇ ಮನೆಯಿಂದ ಹೊರಗೆ. ಶೇಂದಿ ಕಸುಬು ಮಿಷನ್‌ನವರಿಗೆ ಆಗುವುದಿಲ್ಲ, ಹಾಗಾಗಿ ಅದೂ ಹೋಯಿತು. ಮನೆಯೂ ಇಲ್ಲ, ಅನ್ನವೂ ಇಲ್ಲ. ಇಂಥವರು ಆಗ ಒಬ್ಬಿಬ್ಬರಲ್ಲ. ಮಿಷನ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಅಂತ ಒಬ್ಬ ಸಾರಸ್ವತ ಬ್ರಾಹ್ಮಣ ಹುಡುಗ 1844ರಲ್ಲಿ ಕ್ರೈಸ್ತನಾದಾಗ ಮಂಗಳೂರಲ್ಲಿ ಗಲಾಟೆಯೇ ಆಗಿತ್ತು. ಅವನಿಗಾದರೂ ಓದು ಇತ್ತು. ಬಾಸೆಲ್‌ಗೆ ಹೋಗಿ ಕಲಿತು ಪಾದ್ರಿಯಾಗಿ ಬಂದ. ನಮ್ಮ ಮುತ್ತಜ್ಜನಂಥವರು ಏನು ಮಾಡಬೇಕು? ಅಂಥವರ ಹೊಟ್ಟೆಪಾಡಿಗೆ ಅಂತಲೇ ನೇಯ್ಗೆ ಬಂತು, ಆಮೇಲೆ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ನಮ್ಮ ಮುತ್ತಜ್ಜ ಅಲ್ಲಿ ಮಣ್ಣು ಮೆಟ್ಟುವ ಕೆಲಸಕ್ಕೆ ಸೇರಿದರು. ಜಗತ್ತೆಲ್ಲ ಮಂಗಳೂರು ಹಂಚು ಅಂತದಲ್ಲ, ಅದು ಮನೆ ಬಿಟ್ಟು ಬಂದವರ ಕೈಯಲ್ಲಿ ಆದದ್ದು.

ಚಂದದ ಕತೆ ಅಂತ ಇದನ್ನು ಹೇಳುತ್ತಿಲ್ಲ. ಕೆಲಸ ಕೊಟ್ಟವರೂ ಅವರೇ, ಪ್ರಸಂಗ ಹೇಳಿದವರೂ ಅವರೇ. ಶನಿವಾರ ರಾತ್ರಿ ಕುಡಿದವನಿಗೆ ಭಾನುವಾರ ದೇವರ ಹೆದರಿಕೆ, ಸೋಮವಾರ ಸಾಹೇಬರ ಹೆದರಿಕೆ. ನಮ್ಮ ಅಜ್ಜ ಇದನ್ನು ನಗುತ್ತಲೇ ಹೇಳುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಆ ಸಾಹೇಬರನ್ನು ಕಳಿಸಿಬಿಟ್ಟರು, ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬ್ರಿಟಿಷ್ ಕಂಪನಿಯದ್ದಾಯಿತು. ಆದರೂ ಸಭೆ ಹೋಗಲಿಲ್ಲ. ಯಾಕೆಂದರೆ ಅಷ್ಟರೊಳಗೆ ಅದು ಸಾಹೇಬರದ್ದಾಗಿ ಉಳಿದಿರಲಿಲ್ಲ, ಮನೆಯಿಂದ ಹೊರಬಿದ್ದ ನಮ್ಮವರದ್ದೇ ಆಗಿತ್ತು.

ಈಗ ನಿನ್ನ ತಮ್ಮನನ್ನು ನೋಡು. ಅಪ್ಪ ಮೂರು ತಿಂಗಳು ಮಾತು ಬಿಟ್ಟ, ಹುಡುಗ ಪಿಜಿಯಲ್ಲಿ ಒಬ್ಬನೇ. ನಮ್ಮ ಸಭೆ ಹುಟ್ಟಿದ್ದೇ ಇಂಥವರಿಂದ. ಅದನ್ನು ಮರೆತದ್ದು ನಾವು.

ಇನ್ನು ನಿನ್ನ "ಚರ್ಚ್ ಯಾಕೆ ಬೇಕು" ಎನ್ನುವ ಪ್ರಶ್ನೆ. ನಮ್ಮಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ಯಾವ ಚರ್ಚ್ ಅಂತ ಕೇಳಬೇಡ.

ಬೆಳೆಹಬ್ಬದ ಏಲಂ ನಿನಗೆ ಗೊತ್ತುಂಟು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಬಾಳೆಗೊನೆ, ಸುವರ್ಣಗೆಡ್ಡೆ, ಕಾಲು ಕಟ್ಟಿದ ಊರ ಕೋಳಿ, ಯಾರೋ ಹಾಕಿ ತಂದ ಮಿಡಿ ಉಪ್ಪಿನಕಾಯಿ. ಒಂದು ತೆಂಗಿನಕಾಯಿಗೆ ಹಟ ಕಟ್ಟಿ ಐನೂರು ಕೊಡುವ ಮಾವಂದಿರು. ನಮ್ಮಲ್ಲಿ ಏಲಂ ಕೂಗುವವರು ರಿಟೈರ್ಡ್ ಬಸ್ ಕಂಡಕ್ಟರ್, ಅವರಿಗೆ ಮೈಕ್ ಬೇಡ. ಅವರ ಕ್ರಮ ಏನೆಂದರೆ ಬೆಲೆಯ ಜೊತೆ ಹೆಸರೂ ಕೂಗುವುದು. "ಕ್ವಾಯರ್ ಮಾಸ್ಟ್ರದ್ದು ಇನ್ನೂರು! ಟೀಚರಮ್ಮನದ್ದು ಇನ್ನೂರ ಇಪ್ಪತ್ತು!" ಹೀಗೆ.

ಆ ವರ್ಷ ಗೇಟಿನ ಹತ್ತಿರ ಒಬ್ಬರು ಮಂಗಳಮುಖಿ ಬಂದು ನಿಂತಿದ್ದರು. ಅಲ್ಲೇ ಹತ್ತಿರ ಬಾಡಿಗೆ ಕೋಣೆ ಅವರದ್ದು, ನಮ್ಮ ವಾಚ್‌ಮನ್ ಹೆಂಡತಿಯ ಪರಿಚಯ. ಏಲಂ ನೋಡುತ್ತಿದ್ದರು. ಒಂದು ಸಿಹಿ ಕುಂಬಳಕಾಯಿ ಬಂತು, ಒಳ್ಳೆ ದೊಡ್ಡದು. ನೂರು, ನೂರೈವತ್ತು ಆಯಿತು. ಗೇಟಿನಿಂದ ಕೈ ಮೇಲೆ ಬಂತು. "ಇನ್ನೂರು."

ಅಂಗಳವೇ ಸುಮ್ಮನಾಯಿತು ಮಾರಾಯ್ತಿ. ಕೋಳಿ ಮಾತ್ರ ಕೂಗುತ್ತಿತ್ತು. ಸಭಾಪಾಲಕರು ಚಹಾದ ಲೋಟ ನೋಡುತ್ತಾ ನಿಂತರು. ಕಂಡಕ್ಟರ್‌ಗೆ ಒಂದೇ ತೊಂದರೆ, ಕೂಗಲು ಹೆಸರು ಗೊತ್ತಿಲ್ಲ. "ಹೆಸರೆಂತ ಅಕ್ಕ?" ಅಂತ ಅಲ್ಲಿಂದಲೇ ಕೇಳಿದರು. ಅವರು ಹೇಳಿದರು. ಇವರು ಆ ಹೆಸರನ್ನು ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದರು: "...ಅಕ್ಕನದ್ದು ಇನ್ನೂರು, ಒಂದನೇ ಸಲ!" ಅಷ್ಟರಲ್ಲಿ ಕ್ವಾಯರ್ ಮಾಸ್ಟ್ರಿಗೆ ಹಟ ಬಂತು. ಇನ್ನೂರ ಇಪ್ಪತ್ತು ಅಂದರು. ಆ ಅಕ್ಕ ಬಿಡಲಿಲ್ಲ. ಇಬ್ಬರ ನಡುವೆ ಏರುತ್ತಾ ಹೋಯಿತು, ಜನ ನಗಲು ಶುರು ಮಾಡಿದರು. ಯಾರನ್ನೂ ಹಾಸ್ಯ ಮಾಡಿದ್ದಲ್ಲ, ಏಲಂನಲ್ಲಿ ನಗುತ್ತೇವಲ್ಲ ಹಾಗೆ. ಕುಂಬಳಕಾಯಿ ಅವರಿಗೇ ಆಯಿತು.

ಮುಂದಿನ ಭಾನುವಾರ ಅವರು ಹಿಂದಿನ ಬೆಂಚಿನಲ್ಲಿದ್ದರು. ಅದರ ಮುಂದಿನ ಭಾನುವಾರವೂ. ಮಹಿಳಾ ಸಂಘದ ನಮ್ಮ ಒಬ್ಬರು ಹಾಡಿನ ಪುಸ್ತಕ ತೆಗೆದು ಪುಟ ತೋರಿಸಿದರು. ಅವರೇನು ದೊಡ್ಡ ಪ್ರಗತಿಪರರಲ್ಲ, ಪಕ್ಕದಲ್ಲಿ ಪುಟ ಹುಡುಕುವವರನ್ನು ಕಂಡರೆ ಅವರಿಗೆ ಸುಮ್ಮನೆ ಕೂರಲು ಆಗುವುದಿಲ್ಲ. ಇದನ್ನು ಪ್ರಸಂಗ ಹೇಳಿ ಮಾಡಿಸಲು ಆಗುತ್ತದಾ? ನಾನು ಮೂವತ್ತನಾಲ್ಕು ವರ್ಷ ಪಾಠ ಮಾಡಿದವಳು ಹೇಳುತ್ತೇನೆ, ಆಗುವುದಿಲ್ಲ.

ಎಲ್ಲ ಸುಖಾಂತ ಅಂದುಕೊಳ್ಳಬೇಡ. ಎರಡು ಕುಟುಂಬ ಬೇರೆ ಚರ್ಚ್‌ಗೆ ಹೋದವು. ಆ ಅಕ್ಕ ದೀಕ್ಷಾಸ್ನಾನ ಕೇಳಿದ್ದಾರೆ. ಕಮಿಟಿಯಲ್ಲಿ ಏಳು ಮೀಟಿಂಗಿನಿಂದ "ಮುಂದಿನ ಸಲ ನೋಡುವ" ಅಂತ ನಡೆಯುತ್ತಿದೆ. ನಾನು ಕಮಿಟಿ ಮೆಂಬರ್. ಪ್ರತಿ ಸಲ ಪುನಃ ಅಜೆಂಡಾದಲ್ಲಿ ಬರೆಸುತ್ತೇನೆ. ಒಂಬತ್ತನೇ ಐಟಂ. ಎಂಟನೆಯದ್ದು ಟಾಯ್ಲೆಟ್ ರಿಪೇರಿ, ಅದೂ ಆಗಿಲ್ಲ.

ಸಿಎಸ್‌ಐಯಲ್ಲಿ ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಟ್ಟದ್ದು 1976ರಲ್ಲಿ. ಸಿಎಸ್‌ಐ ಆದದ್ದು 1947ರಲ್ಲಿ, ಲೆಕ್ಕ ಹಾಕು. ಮೊದಲ ಮಹಿಳಾ ಬಿಷಪ್, ನಂದ್ಯಾಲದ ಪುಷ್ಪಲಲಿತಾ, ಬಂದದ್ದು 2013ರಲ್ಲಿ. "ಹೆಂಗಸು ಮುರಿದ ರೊಟ್ಟಿ ನನಗೆ ಬೇಡ" ಅನ್ನುತ್ತಿದ್ದ ನಮ್ಮ ದೊಡ್ಡಪ್ಪ ಕೊನೆಗೆ ಹಾಸಿಗೆ ಹಿಡಿದಾಗ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತಂದದ್ದು ಒಬ್ಬ ಹೆಣ್ಣು ಪಾದ್ರಿ. ತೆಗೆದುಕೊಂಡರು. ಇದೆಲ್ಲ ಯಾರೋ ಒಳಗೆ ಕೂತು ಬೇಸರ ಬರುವಷ್ಟು ಸಲ ಅಜೆಂಡಾ ಬರೆಸಿದ್ದರಿಂದ ಆದದ್ದು.

ನಿನ್ನ ತಮ್ಮ ವಾಪಸ್ ಹೋಗಬೇಕು ಅಂತ ನಾನು ಹೇಳುವುದಿಲ್ಲ. ಪೆಟ್ಟು ತಿಂದವನಿಗೆ ತಾಳ್ಮೆ ಹೇಳಿಕೊಡುವುದು ನಮ್ಮ ಕೆಲಸ ಅಲ್ಲ. ಅವನು ಪಿಜಿಯಲ್ಲೇ ಇರಲಿ, ಬೀಚಿಗೆ ಹೋಗಲಿ. ಹೋಗಬೇಕಾದವಳು ನೀನು. ನಿನಗೆ ಏನೂ ಆಗಿಲ್ಲವಲ್ಲ? ನೀನು ಎದ್ದು ಬಂದದ್ದರಿಂದ ಆ ಕಮಿಟಿಗೆ ಒಂದು ತಲೆನೋವು ಕಡಿಮೆ ಆಯಿತು, ಅಷ್ಟೇ.

---

ಬೀದರ್‌ನವ ಉತ್ತರ:

ಟೀಚರ್ ಬರೆದದ್ದು ಎರಡು ಸಲ ಓದಿದೆ. ಚೆನ್ನಾಗಿದೆ. ಆದರೆ ಒಂದು ಮಾತು ಸೇರಿಸಬೇಕು.

ಪ್ರೋಗ್ರೆಸಿವ್ ಅಂದ ಕೂಡಲೇ ಎಲ್ಲರೂ ಅಮೆರಿಕ ಕಡೆ ಯಾಕೆ ನೋಡ್ತೀರಿ? ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಅವರು 1981ರಲ್ಲಿ ಬೆಂಗಳೂರಿನ ಯುಟಿಸಿ ಅನ್ನೋ ದೇವಶಾಸ್ತ್ರ ಕಾಲೇಜಿನಲ್ಲೇ ಭಾಷಣ ಮಾಡಿ, ನಮ್ಮ ದೇವಶಾಸ್ತ್ರ ಮೇಲ್ಜಾತಿಯವರ ತತ್ವಜ್ಞಾನವನ್ನೇ ಹಿಡ್ಕೊಂಡು ಕೂತಿದೆ ಅಂತ ಹೇಳಿದ್ದರು. ದಲಿತ ದೇವಶಾಸ್ತ್ರ ಅನ್ನೋದು ಅಲ್ಲಿಂದ ಶುರು. ನಿಮ್ಮ ಚರ್ಚ್‌ನಲ್ಲಿ ಎಷ್ಟು ಜನಕ್ಕೆ ಗೊತ್ತು?

ನಮ್ಮದು ಮೆಥಡಿಸ್ಟ್ ಹಳ್ಳಿ ಸಭೆ. ತಗಡಿನ ಚರ್ಚ್, ಇಡೀ ಕೇರಿ ಒಂದೇ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿ ಸವಲತ್ತು ಇಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಸಿಕ್ಕಿತು, ನಮಗಿಲ್ಲ. ಹಾಗಾಗಿ ನಮ್ಮ ಕಡೆ ಎಷ್ಟೋ ಜನಕ್ಕೆ ಎರಡು ಹೆಸರು. ಶಾಲೆಯಲ್ಲಿ ಒಂದು, ಸಭೆಯಲ್ಲಿ ಒಂದು. ನಮ್ಮ ಕಾಕಾನಿಗೆ ಅವರಪ್ಪ ಪ್ರೀತಿಯಿಂದ ಇಟ್ಟ ಹೆಸರನ್ನು ಕರೀತಿದ್ದ ಜಾಗ ಅಂದ್ರೆ ಆ ತಗಡಿನ ಕೆಳಗೆ ಮಾತ್ರ. ಟೀಚರ್ ಅವರ ಕಂಡಕ್ಟರ್ ಹೆಸರು ಕೂಗಿದ್ದು ಓದಿ ಅದು ನೆನಪಾಯ್ತು.

ಕೆಲಸಕ್ಕೆ ಅಂತ ನಗರಕ್ಕೆ ಬಂದೆ. ದೊಡ್ಡ ಚರ್ಚ್. ಮೊದಲ ದಿನ ಒಬ್ಬರು ಅಂಕಲ್ ನಗ್ತಾ ಕೇಳಿದರು, "ನಿಮ್ಮ ಮೂಲ ಯಾವ ಕಡೆ? ಮನೆತನ?" ಯಾಕೆ ಕೇಳ್ತಿದ್ದಾರೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಅಲ್ಲಿ ಪ್ರಭುಭೋಜನಕ್ಕೆ ಒಂದೇ ಬಟ್ಟಲು ಇತ್ತು. ಕೋವಿಡ್ ಬಂತು, ಸಣ್ಣ ಸಣ್ಣ ಪ್ಲಾಸ್ಟಿಕ್ ಕಪ್ ಬಂದವು. ಕೋವಿಡ್ ಹೋಯ್ತು, ಕಪ್ ಹೋಗಲಿಲ್ಲ. ಸ್ವಚ್ಛತೆ ಅಂತಾರೆ. ಇರಬಹುದು. ನನಗೆ ಮಾತ್ರ ಕೆಲವರ ಮುಖದಲ್ಲಿ ಒಂದು ಥರ ನೆಮ್ಮದಿ ಕಂಡಿತು.

ಅಕ್ಕ, ಯೂಟ್ಯೂಬ್‌ನಲ್ಲಿ ಇದು ಯಾವುದೂ ಕಾಣಲ್ಲ, ಯಾಕಂದ್ರೆ ಅಲ್ಲಿ ಎಲ್ಲರಿಗೂ ಅವರವರ ಮನೆಯ ಕಪ್. ಜಾತಿ ಬಿಟ್ಟಿದ್ದೀನಾ ಇಲ್ವಾ ಅಂತ ಗೊತ್ತಾಗೋದು ಇನ್ನೊಬ್ಬನ ತುಟಿ ತಾಗಿದ ಬಟ್ಟಲು ಕೈಗೆ ಬಂದಾಗ. ನನಗೆ ಚರ್ಚ್ ಬೇಕಾಗಿರೋದು ಅದಕ್ಕೇ. ನಾನಿನ್ನೂ ಅಲ್ಲೇ ಹೋಗ್ತೀನಿ. ಆ ಅಂಕಲ್ ಪಕ್ಕದಲ್ಲೇ ಕೂರ್ತೀನಿ, ಬೇಕಂತಲೇ.

ಹಂಚಿನಮನೆ ಟೀಚರ್:

ಒಪ್ಪಿದೆ ತಮ್ಮಾ. ನಮ್ಮಲ್ಲೂ ಮದುವೆ ಮಾತುಕತೆ ಬಂದಾಗ "ಅವರು ಮೊದಲು ಯಾರು" ಅಂತ ಪಿಸುಗುಟ್ಟುವುದು ಇಂದಿಗೂ ಉಂಟು. ಅದನ್ನು ನಾನು ಬರೆಯಬೇಕಿತ್ತು, ಬರೆಯಲಿಲ್ಲ.

---

ಓಹಾಯೋ ಕನ್ನಡಿಗ ಉತ್ತರ:

ಅಮೆರಿಕದ ಮಾತು ಬಂತಲ್ಲ, ಇಲ್ಲಿಂದ ಎರಡು ಸಾಲು. ನಾನು ಹೋಗುವುದು ಯುಸಿಸಿ, ಅಂದರೆ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಪಂಗಡದ ಚರ್ಚ್‌ಗೆ. ಗೇ ಜನರನ್ನು ಸ್ವಾಗತಿಸಿ ಅಂತ ಈ ಪಂಗಡದ ಮಹಾಸಭೆ 1985ರಲ್ಲೇ ಎಲ್ಲ ಸಭೆಗಳಿಗೂ ಕರೆ ಕೊಟ್ಟಿತ್ತು. ನಮ್ಮ ಬಾಗಿಲಿಗೆ ಕಾಮನಬಿಲ್ಲಿನ ಬಾವುಟ ಇದೆ. ಮುಲ್ಕಿಯವರ ತಮ್ಮ ಇಲ್ಲಿ ಬಂದರೆ ಮೊದಲ ದಿನವೇ ಹಾಡಿಸುತ್ತಾರೆ, ಟೆನರ್ ಸಿಗದೆ ಒದ್ದಾಡ್ತಿದ್ದಾರೆ.

ಆದರೆ ಜನ ಮೂವತ್ತೈದು. ನನ್ನ ಬಿಟ್ಟರೆ ಬಹುತೇಕ ಎಲ್ಲರ ತಲೆಯೂ ಬೆಳ್ಳಗೆ. ಕಾಫಿ ಕುಡಿದು ಹನ್ನೆರಡೂಕಾಲಿಗೆ ಎಲ್ಲ ಮನೆಗೆ. ನನ್ನ ಹೆಂಡತಿಗೆ ಗರ್ಭಸ್ರಾವ ಆದ ವಾರ ನಾನು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲಿಲ್ಲ ಕೂಡ. ಇಲ್ಲಿನ ಮರ್ಯಾದೆ ಅದು. ನಮ್ಮೂರಾಗಿದ್ದರೆ ಅಷ್ಟು ಹೊತ್ತಿಗೆ ಮೂರು ಜನ ಆಂಟಿಯರು ಮನೆಗೆ ಬಂದು ಬೇಡದ ಮಾತೆಲ್ಲ ಆಡಿ ಗಂಜಿ ಮಾಡಿಟ್ಟು ಹೋಗ್ತಿದ್ದರು.

ಇನ್ನೊಂದು ಸಲ ಒಂದು ನಿರಾಶ್ರಿತ ಕುಟುಂಬಕ್ಕೆ ಮನೆ ಸಜ್ಜು ಮಾಡಿಕೊಡುವ ಕೆಲಸ ಬಂತು. ಅದೇ ಮೂವತ್ತೈದು ಮುದುಕರು ಎರಡೇ ದಿನದಲ್ಲಿ ಮಂಚ, ಪಾತ್ರೆ, ಮಕ್ಕಳ ಸ್ವೆಟರ್ ಎಲ್ಲ ಹೊಂದಿಸಿದರು. ನನ್ನ ಕಾರ್ ಮೇಲೆ ಹಾಸಿಗೆ ಕಟ್ಟಿಕೊಂಡು ಎಪ್ಪತ್ತೊಂಬತ್ತು ವರ್ಷದ ಒಬ್ಬರು ಪಕ್ಕದಲ್ಲಿ ಕೂತು ಹಗ್ಗ ಹಿಡ್ಕೊಂಡಿದ್ದರು. ಅವತ್ತು ಅವರಿಗೆ ನನ್ನ ಹೆಂಡತಿಯ ವಿಷಯ ಹೇಳಿದೆ. ಹಗ್ಗ ಬಿಡದೆಯೇ ಕೇಳಿಸಿಕೊಂಡರು.

ಒಳ್ಳೆ ಚರ್ಚ್, ಕೆಟ್ಟ ಚರ್ಚ್ ಅಂತ ನನಗೆ ಹೇಳೋಕೆ ಬರಲ್ಲ. ಗಂಜಿ ಮಾಡೋರೂ ಬೇಕು, ಬಾವುಟ ಕಟ್ಟೋರೂ ಬೇಕು. ಎರಡೂ ಒಂದೇ ಕಡೆ ಸಿಕ್ಕರೆ ಅಡ್ರೆಸ್ ಕಳಿಸಿ.

---

ಮುಲ್ಕಿಯವಳು:

ಎಲ್ಲರಿಗೂ ಥ್ಯಾಂಕ್ಸ್. ಟೀಚರ್, "ನಿನಗೆ ಏನೂ ಆಗಿಲ್ಲವಲ್ಲ" ಅಂದದ್ದಕ್ಕೆ ಎರಡು ದಿನ ಸಿಟ್ಟಿತ್ತು. ಈಗಲೂ ಸ್ವಲ್ಪ ಇದೆ.

ನಿನ್ನೆ ಹೋದೆ. ಮಗಳನ್ನು ಕರ್ಕೊಂಡು. ಗಂಡ ಕಾರಲ್ಲೇ ಕೂತು ಪೇಪರ್ ಓದಿದರು. ಯಾರೂ ಏನೂ ಕೇಳಲಿಲ್ಲ, "ತುಂಬಾ ದಿನ ಆಯ್ತು" ಅಂತ ಮಾತ್ರ ಎಲ್ಲರೂ. ಆರಾಧನೆ ಮುಗಿದ ಮೇಲೆ ಸೆಕ್ರೆಟರಿ ಹತ್ತಿರ ಹೋಗಿ, ಕ್ವಾಯರ್‌ನಿಂದ ಒಬ್ಬರನ್ನು ಬಿಡಿಸೋಕೆ ಕಮಿಟಿಯಲ್ಲಿ ನಿರ್ಣಯ ಆಗಿದೆಯಾ, ಆಗಿದ್ದರೆ ಮಿನಿಟ್ಸ್ ನೋಡಬಹುದಾ ಅಂತ ಕೇಳಿದೆ. ಅವರ ಮುಖ ನೋಡಬೇಕಿತ್ತು. ನಿರ್ಣಯ ಏನೂ ಆಗಿಲ್ಲವಂತೆ. ಹಾಗಾದರೆ ಮುಂದಿನ ಮೀಟಿಂಗ್‌ಗೆ ಬರವಣಿಗೆಯಲ್ಲಿ ಕೊಡ್ತೀನಿ ಅಂದೆ. ಕೊಡಿ ಅಂದರು. ಬರೀತಾ ಇದ್ದೀನಿ.

ಸಂಡೆ ಸ್ಕೂಲಿಗೆ ಇನ್ನೂ ಹಾಕಿಲ್ಲ. ಅಮ್ಮನಿಗೆ ಹೇಳಬೇಡಿ.

ಇದನ್ನೆಲ್ಲ ತಮ್ಮನಿಗೆ ಕಳಿಸಿದ್ದೆ. ರಾತ್ರಿ ಒಂದೂವರೆಗೆ ಒಂದೇ ಸಾಲಿನ ಮೆಸೇಜ್ ಬಂತು: "ಆ ಕುಂಬಳಕಾಯಿ ಎಷ್ಟಕ್ಕೆ ಹೋಯ್ತು ಕೇಳು."

ಹಂಚಿನಮನೆ ಟೀಚರ್:

ಆರುನೂರ ನಲವತ್ತು. ಕ್ವಾಯರ್ ಮಾಸ್ಟ್ರು ಆರುನೂರ ಇಪ್ಪತ್ತಕ್ಕೆ ಬಿಟ್ಟರು. ಆ ಅಕ್ಕ ಅರ್ಧ ಕಡಿದು ವಾಚ್‌ಮನ್ ಮನೆಗೆ ಕೊಟ್ಟರಂತೆ, ವಾಚ್‌ಮನ್ ಹೆಂಡತಿ ಅದರಲ್ಲಿ ಗಟ್ಟಿ ಅನ್ನುವ ಕಡುಬು ಮಾಡಿ ನನಗೂ ನಾಲ್ಕು ಕಳಿಸಿದ್ದಳು.